ಯಂತ್ರ ಬದಲಿಸುವ ಮೊದಲು ಗಡಿಯಾರ ನೋಡಿ

ಹಾವೇರಿ ಕಡೆಯಿಂದ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬರುವ ಲಾರಿ ಹುಬ್ಬಳ್ಳಿಯ ದಕ್ಷಿಣ ಅಂಚಿನ ಗಬ್ಬೂರಿನಲ್ಲಿ ಬೈಪಾಸ್ ಹಿಡಿಯುತ್ತದೆ. ಅಲ್ಲಿಂದ ಧಾರವಾಡದಾಚೆಯ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರ್. ಹಿಂದಿನ ರಸ್ತೆ ಅಗಲ, ಮುಂದಿನ ರಸ್ತೆಯೂ ಅಗಲ. ಈ ನಡುವಿನ ತುಂಡು ಮಾತ್ರ ವರ್ಷಗಟ್ಟಲೆ ಎರಡೇ ಪಥದ್ದಾಗಿತ್ತು. ಅಲ್ಲಿನ ಅಪಘಾತಗಳಲ್ಲಿ ಹೋದ ಜೀವಗಳ ನೋವನ್ನು ಹೋಲಿಕೆಗೆ ಎಳೆಯುವುದು ಸಲ್ಲದು, ಆ ರಸ್ತೆಯ ಆಕಾರವನ್ನಷ್ಟೇ ಇಲ್ಲಿ ನೆನೆಯುತ್ತಿದ್ದೇನೆ. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡ ಲಾರಿಗೆ ಹೊಸ ಎಂಜಿನ್ ಕೂಡಿಸಿದರೆ ಅದು ನರೇಂದ್ರವನ್ನು ಬೇಗ ಮುಟ್ಟುವುದಿಲ್ಲ. ದಾವಣಗೆರೆ ಹತ್ತಿರ ಇನ್ನೆರಡು ಪಥ ಸೇರಿಸಿದರೂ ಮುಟ್ಟುವುದಿಲ್ಲ. ಕೊನೆಗೆ ಆರು ಪಥದ ಕಾಮಗಾರಿಯನ್ನು ಕೈಗೆತ್ತಿಕೊಂಡದ್ದು ಇಕ್ಕಟ್ಟು ಇದ್ದ ಗಬ್ಬೂರ–ನರೇಂದ್ರದ ನಡುವೆಯೇ. ರಸ್ತೆಯ ವಿಷಯದಲ್ಲಿ ಎಲ್ಲರಿಗೂ ಥಟ್ಟನೆ ಹೊಳೆಯುವ ಈ ಮಾತು ಕಂಪ್ಯೂಟರಿನ ಮುಂದೆ ಕೂತಾಗ ಮರೆತುಹೋಗುತ್ತದೆ.

ಸಾಫ್ಟ್‌ವೇರ್ ಕೆಲಸದಲ್ಲಿ ‘ಬಿಲ್ಡ್’ ಎಂಬುದು ದಿನವೂ ಬರುವ ಮಾತು. ಮನುಷ್ಯರು ಬರೆದ ಸೋರ್ಸ್ ಕೋಡನ್ನು ಕಂಪೈಲರ್ ಯಂತ್ರಕ್ಕೆ ತಿಳಿಯುವ ರೂಪಕ್ಕೆ ಇಳಿಸುತ್ತದೆ. ಹೀಗೆ ಸಾವಿರಾರು ಕಡತಗಳನ್ನು ಇಳಿಸಿದ ಮೇಲೆ ಲಿಂಕರ್ ಅವನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ಬಿಲ್ಡ್ ಮುಗಿಯಿತು. ಕಂಪೈಲರ್ ಕೂಡ ಒಂದು ಸಾಫ್ಟ್‌ವೇರೇ ಆದ್ದರಿಂದ ಅದನ್ನೂ ಯಾರೋ ಸೋರ್ಸ್‌ನಿಂದ ಕಟ್ಟಬೇಕು. ಕಟ್ಟಲು ಹೊರಟವರಿಗೆ ಅದು ಎಷ್ಟು ದೊಡ್ಡ ಕೆಲಸವೆಂದು ತಿಳಿಯುತ್ತದೆ. ಒಂದೇ ಸೋರ್ಸ್, ಒಂದೇ ದರ್ಜೆಯ ಲ್ಯಾಪ್‌ಟಾಪ್. ಆದರೂ ಒಬ್ಬರಿಗೆ ಒಂದು ತಾಸಿನಲ್ಲಿ ಮುಗಿದದ್ದು ಇನ್ನೊಬ್ಬರಿಗೆ ರಾತ್ರಿಯಿಡೀ ಓಡಿ ಬೆಳಗಿಗೂ ಮುಗಿದಿರುವುದಿಲ್ಲ. ಆಗ ಬರುವ ಬೇಡಿಕೆ ಒಂದೇ: ಸಿಸ್ಟಮ್ ಹಳೇದಾಗಿದೆ, ಹೊಸದು ಕೊಡಿಸಿ. ಬರುವ ಉತ್ತರವೂ ಒಂದೇ: ಬಜೆಟ್ ಇಲ್ಲ. ಅಳೆಯದೆ ಹೊಸದು ಕೇಳುವವರೂ ಅಳೆಯದೆ ಇಲ್ಲವೆನ್ನುವವರೂ ಒಂದೇ ತಪ್ಪು ಮಾಡುತ್ತಾರೆ. ವಿಪರೀತ ನಿಧಾನವಾದ ಬಿಲ್ಡ್‌ಗೆ ಮೊದಲು ಬೇಕಾದದ್ದು ಅಳತೆ, ಆ ಅಳತೆಯನ್ನು ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳು ಲ್ಯಾಬಿನಲ್ಲೇ ಕಲಿಸಬೇಕು ಎಂಬುದು ನನ್ನ ವಾದ.

ಮೊದಲಿಗೆ ನ್ಯಾಯವಾಗಿ ಹೇಳಬೇಕಾದ ಮಾತು: ಕಂಪೈಲರ್ ಕಟ್ಟಲು ಹಿಡಿಯುವ ಸಮಯವೆಲ್ಲ ವ್ಯರ್ಥವಲ್ಲ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಜಿಸಿಸಿ ಕಂಪೈಲರನ್ನೇ ನೋಡಿ. ಅದನ್ನು ಸೋರ್ಸ್‌ನಿಂದ ಕಟ್ಟುವಾಗ, ಬೇರೆ ಏನೂ ಹೇಳದಿದ್ದರೆ, ಅದು ತನ್ನನ್ನು ತಾನು ಮೂರು ಸಲ ಕಟ್ಟಿಕೊಳ್ಳುತ್ತದೆ. ಯಂತ್ರದಲ್ಲಿ ಈಗಾಗಲೇ ಇರುವ ಕಂಪೈಲರ್ ಮೊದಲ ಪ್ರತಿಯನ್ನು ಕಟ್ಟುತ್ತದೆ. ಆ ಮೊದಲ ಪ್ರತಿ ಎರಡನೆಯದನ್ನು, ಎರಡನೆಯದು ಮೂರನೆಯದನ್ನು. ಕೊನೆಗೆ ಎರಡನೆಯ ಮತ್ತು ಮೂರನೆಯ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಎರಡೂ ತಾಳೆಯಾದರೆ ಹೊಸ ಕಂಪೈಲರ್ ತನ್ನನ್ನು ಸರಿಯಾಗಿ ಅನುವಾದಿಸಿಕೊಳ್ಳಬಲ್ಲದು ಎಂಬುದಕ್ಕೆ ಒಂದು ಪುರಾವೆ ಸಿಕ್ಕಂತೆ. ಅಕ್ಕಸಾಲಿಗ ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುವಂಥ ಕೆಲಸವಿದು. ನೂರಾರು ಜನ ಬಳಸುವ ಕಂಪೈಲರ್ ಕಟ್ಟುವವರು ಇದನ್ನು ಬಿಡಕೂಡದು. ಆದರೆ ಒಂದು ಸಾಲು ತಿದ್ದಿ ಏನಾಗುತ್ತದೆ ಎಂದು ನೋಡುವ ವಿದ್ಯಾರ್ಥಿಗೆ ಪ್ರತಿ ಸಲವೂ ಮೂರು ಸುತ್ತು ಬೇಕಿಲ್ಲ. ‘ಬೂಟ್‌ಸ್ಟ್ರ್ಯಾಪ್’ ಎಂಬ ಈ ಮೂರು ಸುತ್ತಿನ ಕ್ರಮ ಬೇಡವೆಂದು ಕಾನ್ಫಿಗರ್ ಮಾಡುವಾಗಲೇ, ಅಂದರೆ ಬಿಲ್ಡ್‌ಗೆ ಮೊದಲು ಆಯ್ಕೆಗಳನ್ನು ಗೊತ್ತುಮಾಡುವಾಗಲೇ, ಹೇಳಿದರೆ ಎರಡು ಸುತ್ತಿನ ಸಮಯ ಉಳಿತಾಯವಾಗುತ್ತದೆ. ಇಲಿನಾಯ್ಸ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಆಡ್ವೆ ಆರಂಭಿಸಿದ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯಲ್ಲೂ ಹೀಗೆಯೇ. ಸುಮ್ಮನೆ ಬಿಟ್ಟರೆ ಅದು ಹತ್ತಕ್ಕೂ ಹೆಚ್ಚು ಬಗೆಯ ಪ್ರೊಸೆಸರ್‌ಗಳಿಗೆ ಬೇಕಾದ ಭಾಗಗಳನ್ನೆಲ್ಲ ಕಟ್ಟುತ್ತದೆ. ಕೈಯಲ್ಲಿರುವ ಲ್ಯಾಪ್‌ಟಾಪಿಗೆ ಬೇಕಾದದ್ದು ಅವುಗಳಲ್ಲಿ ಒಂದೇ. ಅದೇ ಎಲ್‌ಎಲ್‌ವಿಎಂ ಅನ್ನು ಅದರ ಕ್ಲ್ಯಾಂಗ್ ಕಂಪೈಲರ್ ಸಮೇತ, ದೋಷ ಹುಡುಕಲು ನೆರವಾಗುವ ಡೀಬಗ್ ರೂಪದಲ್ಲಿ ಕಟ್ಟಿದರೆ 15ರಿಂದ 20 ಜಿಬಿ ಡಿಸ್ಕ್ ಬೇಕು, ಬಳಕೆಗೆ ಕೊಡುವ ರಿಲೀಸ್ ರೂಪಕ್ಕೆ ಅದಕ್ಕಿಂತ ಬಹಳ ಕಡಿಮೆ ಸಾಕು ಎಂದು ಆ ಯೋಜನೆಯ ಕೈಪಿಡಿಯೇ ಹೇಳುತ್ತದೆ. ಇಷ್ಟು ವ್ಯತ್ಯಾಸ ಬರೀ ಒಂದು ಆಯ್ಕೆಯದು.

ಬೇಡದ ಕೆಲಸವನ್ನೆಲ್ಲ ತೆಗೆದ ಮೇಲೂ ನಿಧಾನವೇ ಆದರೆ ಗಬ್ಬೂರಿನ ರಸ್ತೆಗೆ ಮರಳಬೇಕು. ಈಗಿನ ಪ್ರೊಸೆಸರ್‌ಗಳಲ್ಲಿ ನಾಲ್ಕು, ಎಂಟು, ಹದಿನಾರು ಕೋರ್‌ಗಳಿರುತ್ತವೆ, ಅಂದರೆ ಏಕಕಾಲಕ್ಕೆ ಅಷ್ಟು ಕೈಗಳು ಕೆಲಸಕ್ಕಿವೆ. ಆದರೆ ಬಿಲ್ಡ್‌ನಲ್ಲಿ ಹಂಚಿಕೊಳ್ಳಲಾಗದ ಕೆಲಸವೂ ಇರುತ್ತದೆ: ಕಾನ್ಫಿಗರ್ ಹಂತ, ಒಂದರ ಹಿಂದೆ ಒಂದೇ ನಡೆಯಬೇಕಾದ ಹಂತಗಳು, ಕೊನೆಯ ಲಿಂಕ್. ಒಂಟಿ ಕೋರ್‌ನಲ್ಲಿ 60 ನಿಮಿಷ ಹಿಡಿಯುವ ಬಿಲ್ಡ್ ಒಂದರಲ್ಲಿ 15 ನಿಮಿಷ ಇಂಥ ಕೆಲಸ ಎಂದುಕೊಳ್ಳಿ. ನಾಲ್ಕು ಕೋರ್ ಕೊಟ್ಟರೆ ಅದು ಸುಮಾರು 26 ನಿಮಿಷಕ್ಕೆ ಇಳಿಯುತ್ತದೆ, ಎಂಟು ಕೊಟ್ಟರೆ 21ರ ಹತ್ತಿರಕ್ಕೆ, ಹದಿನಾರು ಕೊಟ್ಟರೆ 18ರ ಹತ್ತಿರಕ್ಕೆ. ಎಂಟರಿಂದ ಹದಿನಾರಕ್ಕೆ ಹೋಗಲು ಸುರಿದ ದುಡ್ಡಿಗೆ ಸಿಕ್ಕಿದ್ದು ಮೂರು ನಿಮಿಷಕ್ಕೂ ಕಡಿಮೆ. ಸಾವಿರ ಕೋರ್ ತಂದರೂ 15ರ ಕೆಳಗೆ ಇಳಿಯದು. ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ಈ ಲೆಕ್ಕ ಕಂಪ್ಯೂಟರ್ ವಿಜ್ಞಾನದ ಅನೇಕ ಪಠ್ಯಗಳಲ್ಲಿ ಇದೆ, ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆಯೂ ಬರುತ್ತದೆ. ಯಂತ್ರ ಖರೀದಿಯ ಕಡತಕ್ಕೆ ಸಹಿ ಹಾಕುವಾಗ ಮಾತ್ರ ಅದು ನೆನಪಾಗುವುದಿಲ್ಲ.

ಇಕ್ಕಟ್ಟು ಎಲ್ಲಿದೆ ಎಂದು ತಿಳಿಯಲು ದುಬಾರಿ ಸಲಕರಣೆ ಬೇಕಿಲ್ಲ. ಲಿನಕ್ಸ್‌ನಲ್ಲಿ ಬಿಲ್ಡ್ ಆಜ್ಞೆಯ ಮುಂದೆ ‘ಟೈಮ್’ ಎಂಬ ಒಂದು ಪದ ಸೇರಿಸಿದರೆ ಕೊನೆಯಲ್ಲಿ ಮೂರು ಸಾಲು ಬರುತ್ತವೆ: ರಿಯಲ್, ಯೂಸರ್, ಸಿಸ್. ರಿಯಲ್ ಎಂದರೆ ಗೋಡೆ ಗಡಿಯಾರದ ಪ್ರಕಾರ ಕಳೆದ ಸಮಯ. ಯೂಸರ್ ಮತ್ತು ಸಿಸ್ ಕೂಡಿದರೆ ಎಲ್ಲ ಕೋರ್‌ಗಳು ಸೇರಿ ನಿಜವಾಗಿ ದುಡಿದ ಸಮಯ. ನಾಲ್ಕು ಕೋರ್‌ಗಳ ಯಂತ್ರವೊಂದು ರಿಯಲ್ 96 ನಿಮಿಷ, ಯೂಸರ್ 101, ಸಿಸ್ 11 ಎಂದು ತೋರಿಸಿತು ಎನ್ನೋಣ. ದುಡಿದದ್ದು ಒಟ್ಟು 112 ನಿಮಿಷ. ಅದನ್ನು 96ರಿಂದ ಭಾಗಿಸಿದರೆ 1.17. ನಾಲ್ಕು ಜನ ಕೂಲಿಗೆ ಬಂದು ಒಬ್ಬನಷ್ಟೇ ಕೆಲಸವಾಗಿದೆ, ಉಳಿದವರು ಯಾವುದಕ್ಕೋ ಕಾಯುತ್ತ ಕೂತಿದ್ದಾರೆ. ಈ ಯಂತ್ರಕ್ಕೆ ಇನ್ನೂ ನಾಲ್ಕು ಕೋರ್ ಕೊಟ್ಟರೆ ಕಾಯುವವರ ಸಂಖ್ಯೆಯಷ್ಟೇ ಹೆಚ್ಚುತ್ತದೆ. ಅದೇ ಕೆಲಸಕ್ಕೆ ರಿಯಲ್ 30, ಯೂಸರ್ 100, ಸಿಸ್ 8 ಎಂದು ಬಂದರೆ ಭಾಗಲಬ್ಧ 3.6. ಆಗ ನಾಲ್ಕೂ ಕೋರ್‌ಗಳು ಬೆವರು ಸುರಿಸಿವೆ, ಹೊಸ ಪ್ರೊಸೆಸರ್ ಕೇಳುವುದರಲ್ಲಿ ಅರ್ಥವಿದೆ. ಐದನೇ ಇಯತ್ತೆಯ ಭಾಗಾಕಾರ ಇಷ್ಟು ಹೇಳುತ್ತದೆ.

ಕಾಯುವುದು ಯಾತಕ್ಕೆ ಎಂಬುದು ಮುಂದಿನ ಪ್ರಶ್ನೆ. ಉತ್ತರ ಹೆಚ್ಚಾಗಿ ರ್‍ಯಾಮ್‌ನಲ್ಲಿರುತ್ತದೆ. 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಎಂಟು ಕೆಲಸ ಒಟ್ಟಿಗೆ ನಡೆಯಲಿ ಎಂದು ಬಿಲ್ಡ್ ನಡೆಸುವ ಮೇಕ್ ಎಂಬ ಉಪಕರಣಕ್ಕೆ ‘ಮೇಕ್ -ಜೆ8’ ಎಂಬ ಆಜ್ಞೆ ಕೊಡುತ್ತಾರೆ. ಇನ್ನು ಕೆಲವರು ಜೆ ಮುಂದೆ ಸಂಖ್ಯೆಯನ್ನೇ ಬರೆಯುವುದಿಲ್ಲ. ಹಾಗೆ ಬಿಟ್ಟರೆ ಮೇಕ್‌ಗೆ ಮಿತಿಯೇ ಇಲ್ಲ, ಸಾಧ್ಯವಿರುವಷ್ಟು ಕೆಲಸಗಳನ್ನೆಲ್ಲ ಒಮ್ಮೆಗೇ ಎಬ್ಬಿಸುತ್ತದೆ. ದೊಡ್ಡ ಸಿ++ ಕಡತವೊಂದನ್ನು ಕಂಪೈಲ್ ಮಾಡುವ ಒಂದೇ ಪ್ರೊಸೆಸ್ 1 ಜಿಬಿ ಮೀರಬಹುದು. ಡೀಬಗ್ ರೂಪದ ಎಲ್‌ಎಲ್‌ವಿಎಂ ಅನ್ನು ಲಿಂಕ್ ಮಾಡುವಾಗಲಂತೂ ಒಂದೊಂದು ಲಿಂಕರ್ ಹಲವು ಜಿಬಿ ಬೇಡುತ್ತದೆ. ರ್‍ಯಾಮ್ ತುಂಬಿದ ಮೇಲೆ ಯಂತ್ರ ಡಿಸ್ಕಿನ ಒಂದು ಮೂಲೆಯನ್ನು ರ್‍ಯಾಮ್‌ನಂತೆ ಬಳಸತೊಡಗುತ್ತದೆ, ಇದೇ ಸ್ವಾಪ್. ಹಳೆಯ ಹಾರ್ಡ್‌ಡಿಸ್ಕಿನ ಮೇಲೆ ಸ್ವಾಪ್ ಶುರುವಾದರೆ ಮೌಸ್ ಕೂಡ ಅಲುಗಾಡದು. ‘ವಿಎಂಸ್ಟ್ಯಾಟ್’ ಆಜ್ಞೆ ಕೊಟ್ಟು ಎಸ್‌ಐ, ಎಸ್‌ಒ ಎಂಬ ಎರಡು ಅಂಕಣಗಳನ್ನು ಒಂದೆರಡು ನಿಮಿಷ ನೋಡಿದರೆ ಸಾಕು: ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಸತತವಾಗಿ ಬರುತ್ತಿದ್ದರೆ ಕಳ್ಳ ಸಿಕ್ಕಂತೆಯೇ. ಆಗ ಎಂಟರ ಬದಲು ಎರಡು ಕೆಲಸವನ್ನಷ್ಟೇ ಒಟ್ಟಿಗೆ ಬಿಟ್ಟರೆ ಬಿಲ್ಡ್ ಬೇಗ ಮುಗಿಯುತ್ತದೆ. ಕೈ ಕಡಿಮೆ ಮಾಡಿದರೆ ಕೆಲಸ ಬೇಗ ಆಗುತ್ತದೆ ಎಂಬುದು ಊಹೆಗೆ ನಿಲುಕುವ ಮಾತಲ್ಲ, ಅಳೆದವರಿಗೆ ಮಾತ್ರ ಕಾಣುವಂಥದ್ದು. ಎಲ್‌ಎಲ್‌ವಿಎಂ ಕಟ್ಟುವವರಿಗೂ ಇದು ಗೊತ್ತಿರುವುದರಿಂದಲೇ ಒಮ್ಮೆಗೆ ಎಷ್ಟು ಲಿಂಕ್ ನಡೆಯಬೇಕೆಂದು ಪ್ರತ್ಯೇಕವಾಗಿ ಮಿತಿ ಹಾಕುವ ಸೌಲಭ್ಯ ಇಟ್ಟಿದ್ದಾರೆ.

ಇನ್ನೊಂದು ಕಾರಣ ನಮ್ಮ ಕಾಲೇಜು ಲ್ಯಾಬುಗಳಿಗೆ ಎಷ್ಟು ಹತ್ತಿರದ್ದೆಂದರೆ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ಮೇಕ್ ಇಂದಿಗೂ ಒಂದು ಸರಳ ನಂಬಿಕೆಯ ಮೇಲೆ ನಿಂತಿದೆ. ಸೋರ್ಸ್ ಕಡತದ ತಾರೀಕು, ಅದರಿಂದ ಹುಟ್ಟಿದ ಆಬ್ಜೆಕ್ಟ್ ಕಡತದ ತಾರೀಕಿಗಿಂತ ಹೊಸದಾಗಿದ್ದರೆ ಮತ್ತೆ ಕಂಪೈಲ್ ಮಾಡು, ಇಲ್ಲದಿದ್ದರೆ ಬಿಡು. ಕರೆಂಟು ಹೋಗಿ ಬಿಲ್ಡ್ ನಡುವೆ ನಿಂತರೂ ಮುಗಿದ ಭಾಗ ಉಳಿದಿರುತ್ತದೆ, ಮತ್ತೆ ಮೇಕ್ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಆದರೆ ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗ ಯಂತ್ರದ ಗಡಿಯಾರ ಓಡುವುದು ಅದರಿಂದ. ಅದು ಸತ್ತಿದ್ದರೆ, ಕರೆಂಟು ಬಂದು ಯಂತ್ರ ಎದ್ದಾಗ ಗಡಿಯಾರ ಯಾವುದೋ ಹಳೆಯ ವರ್ಷಕ್ಕೆ ಹೋಗಿರುತ್ತದೆ. ಲ್ಯಾಬಿಗೆ ಇಂಟರ್‌ನೆಟ್ ಇಲ್ಲದಿದ್ದರೆ ಅದು ತಾನಾಗಿ ಸರಿಹೋಗುವುದೂ ಇಲ್ಲ. ಈಗ ಸೋರ್ಸ್ ಕಡತಗಳ ಮೇಲೆ ಈ ವರ್ಷದ ತಾರೀಕು, ಹೊಸದಾಗಿ ಹುಟ್ಟುವ ಆಬ್ಜೆಕ್ಟ್ ಕಡತಗಳ ಮೇಲೆ ಎಷ್ಟೋ ವರ್ಷ ಹಿಂದಿನ ತಾರೀಕು. ಮಗು ತಾಯಿಗಿಂತ ಮೊದಲೇ ಹುಟ್ಟಿದಂತೆ. ಮೇಕ್‌ನ ಕಣ್ಣಿಗೆ ಸೋರ್ಸ್ ಯಾವಾಗಲೂ ಹೊಸದು, ಹೀಗಾಗಿ ಪ್ರತಿ ಸಲವೂ ಎಲ್ಲವನ್ನೂ ಮೊದಲಿನಿಂದ ಕಂಪೈಲ್ ಮಾಡುತ್ತದೆ. ಗಡಿಯಾರ ತಪ್ಪಿದೆ, ಬಿಲ್ಡ್ ಅಪೂರ್ಣವಾಗಿರಬಹುದು ಎಂಬ ಎಚ್ಚರಿಕೆಯನ್ನು ಅದು ಪರದೆಯ ಮೇಲೆ ಬರೆದೂ ತೋರಿಸುತ್ತದೆ. ಸರಸರನೆ ಓಡುವ ಸಾವಿರಾರು ಸಾಲುಗಳ ನಡುವೆ ಅದನ್ನು ಯಾರೂ ಓದುವುದಿಲ್ಲ. ಕೆಲವೇ ರೂಪಾಯಿಯ ಬ್ಯಾಟರಿ ಬದಲಿಸಿದರೆ ಹೋಗುವ ರೋಗಕ್ಕೆ ಇಡೀ ಕಂಪ್ಯೂಟರನ್ನು ಗುಜರಿಗೆ ಹಾಕುವ ಟಿಪ್ಪಣಿ ತಯಾರಾಗುತ್ತದೆ.

ವಿಂಡೋಸ್ ಲ್ಯಾಪ್‌ಟಾಪಿನೊಳಗೆ ಲಿನಕ್ಸ್ ಓಡಿಸುವವರ ತೊಂದರೆ ಬೇರೆ. ಡಬ್ಲ್ಯುಎಸ್‌ಎಲ್ 2 ಹಾಕಿಕೊಂಡು ಸೋರ್ಸನ್ನು ಮಾತ್ರ ಸಿ ಡ್ರೈವಿನಲ್ಲೇ ಇಟ್ಟರೆ, ಪ್ರತಿ ಕಡತವೂ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಗಡಿ ದಾಟಿ ಬರಬೇಕು. ಲಿನಕ್ಸ್ ಉಪಕರಣಗಳಿಂದ ಕೆಲಸ ಮಾಡುವುದಾದರೆ ಕಡತಗಳನ್ನೂ ಲಿನಕ್ಸ್ ಕಡೆಯೇ ಇಡಿ ಎಂದು ಮೈಕ್ರೋಸಾಫ್ಟ್ ತಾನೇ ಸಲಹೆ ಕೊಡುತ್ತದೆ. ವಿಂಡೋಸ್‌ನಲ್ಲೇ ಬಿಲ್ಡ್ ಮಾಡುವವರಿಗೆ ಆ್ಯಂಟಿವೈರಸ್ ಅಡ್ಡ ಬರುತ್ತದೆ, ಹುಟ್ಟುವ ಒಂದೊಂದು ಕಡತವನ್ನೂ ನಿಲ್ಲಿಸಿ ತಪಾಸಣೆ ಮಾಡುತ್ತದೆ. ಈ ವಿಳಂಬ ತಗ್ಗಿಸಲೆಂದೇ 2023ರಲ್ಲಿ ವಿಂಡೋಸ್ 11ರಲ್ಲಿ ‘ಡೆವ್ ಡ್ರೈವ್’ ಎಂಬ ಪ್ರತ್ಯೇಕ ವ್ಯವಸ್ಥೆ ಬಂತು. ಚಾರ್ಜರ್ ಹಾಕದೆ ಬ್ಯಾಟರಿಯ ಮೇಲೆ ಬಿಲ್ಡ್ ಮಾಡುವುದು, ಮೇ ತಿಂಗಳ ಸೆಕೆಯಲ್ಲಿ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಗಾಳಿಯ ದಾರಿ ಮುಚ್ಚುವುದು, ಇವೂ ಪ್ರೊಸೆಸರನ್ನು ತಾನಾಗಿ ವೇಗ ಇಳಿಸಿಕೊಳ್ಳುವಂತೆ ಮಾಡುತ್ತವೆ.

ಕೆಲವೊಮ್ಮೆ ಇಕ್ಕಟ್ಟು ಯಂತ್ರದಲ್ಲಿ ಇರುವುದೇ ಇಲ್ಲ, ಸೋರ್ಸ್ ಕೋಡಿನಲ್ಲೇ ಇರುತ್ತದೆ. ಸಿ++ನಲ್ಲಿ ನಮಸ್ಕಾರ ಎಂದು ಮುದ್ರಿಸುವ ಐದು ಸಾಲಿನ ಪ್ರೋಗ್ರಾಮಿಗೆ ಒಂದು ಹೆಡರ್, ಅಂದರೆ ಬೇರೆಡೆ ಬರೆದಿಟ್ಟ ಘೋಷಣೆಗಳ ಕಡತ, ಸೇರಿಸಿದರೆ ಕಂಪೈಲರ್ ಓದಬೇಕಾದದ್ದು ಹತ್ತಾರು ಸಾವಿರ ಸಾಲು. ಒಂದು ಹೆಡರ್ ಇನ್ನೊಂದನ್ನು ಕರೆತರುತ್ತದೆ, ಅದು ಮತ್ತೊಂದನ್ನು. ಮದುವೆಗೆ ಒಬ್ಬರನ್ನು ಕರೆದರೆ ಊರೇ ಬಂದು ಪಂಕ್ತಿಗೆ ಕೂತಂತೆ, ಅದೂ ಪ್ರತಿ ಕಡತದ ಮನೆಯಲ್ಲಿ. ಲಿನಕ್ಸ್ ಕರ್ನಲ್‌ನ ಹಿರಿಯ ಡೆವಲಪರ್ ಇಂಗೊ ಮೋಲ್ನಾರ್ ಒಂದು ವರ್ಷಕ್ಕೂ ಹೆಚ್ಚು ಕಾಲ ಈ ಹೆಡರ್‌ಗಳ ಸಿಕ್ಕು ಬಿಡಿಸುತ್ತ ಕೂತರು. 2022ರ ಜನವರಿಯಲ್ಲಿ ಅವರು ಮುಂದಿಟ್ಟದ್ದು 2,200ಕ್ಕೂ ಹೆಚ್ಚು ಪ್ಯಾಚ್‌ಗಳು, ಅಂದರೆ ತಿದ್ದುಪಡಿಗಳು. ಯಂತ್ರ ಬದಲಿಸದೆ, ಕಂಪೈಲರ್ ಬದಲಿಸದೆ, ಕರ್ನಲ್ ಬಿಲ್ಡ್‌ನ ವೇಗ ಶೇ 50ರಿಂದ 80ರಷ್ಟು ಏರಿದೆ ಎಂದು ಅವರು ಅಳೆದು ತೋರಿಸಿದರು. ಜಗತ್ತಿನ ಅತಿ ಚುರುಕಾದ ಯಂತ್ರಗಳು ಕೈಗೆಟುಕುವ ಜನ ವರ್ಷಗಟ್ಟಲೆ ಕಾದದ್ದು ಯಂತ್ರದ ದೋಷದಿಂದಲ್ಲ ಎಂಬುದಕ್ಕೆ ನನಗೆ ಗೊತ್ತಿರುವ ಅತಿ ಗಟ್ಟಿ ಪುರಾವೆ ಇದು. ಒಂದೊಂದು ಕಡತವನ್ನು ಕಂಪೈಲ್ ಮಾಡುವಾಗ ಸಮಯ ಯಾವ ಹೆಡರ್‌ನಲ್ಲಿ ಹೋಯಿತು ಎಂದು ಚಿತ್ರದಲ್ಲಿ ತೋರಿಸುವ ಸೌಲಭ್ಯ ಕ್ಲ್ಯಾಂಗ್ ಕಂಪೈಲರ್‌ನಲ್ಲಿ 2019ರಿಂದ ಇದೆ. ಅದೇ ಕಡತವನ್ನು ಮತ್ತೆ ಮತ್ತೆ ಕಂಪೈಲ್ ಮಾಡದೆ ಹಳೆಯ ಫಲಿತಾಂಶವನ್ನು ತೆಗೆದುಕೊಡುವ ಸಿಕ್ಯಾಷ್ ಬಂದು ಇಪ್ಪತ್ತು ವರ್ಷ ದಾಟಿದೆ. ಎರಡೂ ಉಚಿತ.

ಇದಕ್ಕೆ ಬರುವ ಮೊದಲ ಆಕ್ಷೇಪ ಗೌರವಕ್ಕೆ ಅರ್ಹವಾದದ್ದು. ಎಂಜಿನಿಯರ್ ಒಬ್ಬರ ಎರಡು ದಿನದ ಸಂಬಳಕ್ಕಿಂತ ರ್‍ಯಾಮ್ ಅಗ್ಗ. ಹುಡುಕುತ್ತ ಕೂರುವ ಬದಲು ಕೊಂಡುಬಿಡುವುದೇ ಲಾಭವಲ್ಲವೇ? ಬಹಳ ಸಲ ಹೌದು. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು, 8 ಜಿಬಿಯನ್ನು 16 ಮಾಡುವುದು ಎಷ್ಟೋ ಲ್ಯಾಬುಗಳ ಮಟ್ಟಿಗೆ ಸರಿಯಾದ ಪರಿಹಾರವೇ. ಆದರೆ ರ್‍ಯಾಮ್ ಕೊಳ್ಳಬೇಕೋ ಎಸ್‌ಎಸ್‌ಡಿಯೋ ಪ್ರೊಸೆಸರೋ ಎಂದು ಹೇಳುವುದು ಯಾವುದು? ಮೇಲೆ ಹೇಳಿದ ಎರಡು ಆಜ್ಞೆಗಳಿಗೆ ಎರಡು ದಿನ ಬೇಕಿಲ್ಲ, ಬಿಲ್ಡ್ ಓಡುವಾಗಲೇ ಉತ್ತರ ಸಿಗುತ್ತದೆ. ಅರವತ್ತು ಕಂಪ್ಯೂಟರುಗಳ ಲ್ಯಾಬಿಗೆ ಟೆಂಡರ್ ಕರೆಯುವ ಕಾಲೇಜು ತಪ್ಪು ಭಾಗ ಕೊಂಡರೆ ಮುಂದಿನ ಟೆಂಡರಿನವರೆಗೆ ಅದನ್ನೇ ಅನುಭವಿಸಬೇಕು. ಅಳತೆ ಖರೀದಿಗೆ ಅಡ್ಡಿಯಲ್ಲ, ಖರೀದಿಯ ಪಟ್ಟಿ ಬರೆಯುವುದೇ ಅದರ ಕೆಲಸ.

ಸಿದ್ಧ ಕಂಪೈಲರ್ ಒಂದೇ ಆಜ್ಞೆಗೆ ಇಳಿದು ಬರುವಾಗ ಸೋರ್ಸ್‌ನಿಂದ ಯಾರು ಕಟ್ಟುತ್ತಾರೆ ಎಂದು ಇನ್ನು ಕೆಲವರು ಕೇಳುತ್ತಾರೆ. ಚಿಪ್ ಮಾಡುವವರು ಕಟ್ಟುತ್ತಾರೆ. ಐಐಟಿ ಮದ್ರಾಸಿನ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರ್‌ಗಳು ನಿಂತಿರುವುದು ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಮೇಲೆ. ಅದನ್ನು ಬೆಳೆಸಲೆಂದು ಕೇಂದ್ರ ಸರ್ಕಾರ 2022ರಲ್ಲಿ ಒಂದು ಕಾರ್ಯಕ್ರಮವನ್ನೇ ಆರಂಭಿಸಿತು. ಈ ಪ್ರೊಸೆಸರ್‌ಗಳಿಗೆ ಪ್ರೋಗ್ರಾಮ್ ಬರೆಯುವ ವಿದ್ಯಾರ್ಥಿ ತನಗೆ ಬೇಕಾದ ಮಾರ್ಪಾಡಿನೊಂದಿಗೆ ರಿಸ್ಕ್-ಫೈವ್ ಟೂಲ್‌ಚೈನ್ (ಕಂಪೈಲರ್, ಲಿಂಕರ್ ಮೊದಲಾದ ಉಪಕರಣಗಳ ಕಟ್ಟು) ಕಟ್ಟಲು ಹೊರಟರೆ, ಸೋರ್ಸ್ ಪೂರ್ತಿ ಇಳಿಸಿಕೊಳ್ಳುವುದಕ್ಕೇ 6 ಜಿಬಿಗೂ ಹೆಚ್ಚು ಬೇಕು. ಮಲ್ಟಿಲಿಬ್ ಆಯ್ಕೆ ಹಾಕಿದರಂತೂ ಒಂದೇ ಲೈಬ್ರರಿಯನ್ನು ಪ್ರೊಸೆಸರಿನ ಬಗೆಬಗೆಯ ರೂಪಗಳಿಗೆ ಹಲವು ಸಲ ಕಟ್ಟಬೇಕಾಗುತ್ತದೆ. ನಾಳೆ ಕೆಲಸಕ್ಕೆ ಸೇರುವ ಕಂಪನಿಯಲ್ಲಿ ಕಂಪೈಲರ್ ಅಲ್ಲದಿದ್ದರೆ ಆ್ಯಂಡ್ರಾಯ್ಡ್ ಇರುತ್ತದೆ, ಕಾರಿನ ಸಾಫ್ಟ್‌ವೇರ್ ಇರುತ್ತದೆ. ಅಲ್ಲೂ ಇಂಥದೇ ಬಿಲ್ಡ್, ಇಂಥದೇ ಲಿಂಕರ್, ಇದೇ ಕಾಯುವಿಕೆ.

ಎಐ ಕೇಳಿದರೆ ಉತ್ತರ ಸಿಗುತ್ತದಲ್ಲ ಎಂಬುದು ಈಚಿನ ಮಾತು. ಸಿಗುತ್ತದೆ, ಹತ್ತು ಉತ್ತರ ಸಿಗುತ್ತವೆ. ನಾನು ಇಲ್ಲಿ ಹೇಳಿದ್ದೆಲ್ಲ ಅವುಗಳಲ್ಲಿ ಇರಬಹುದು. ಆ ಹತ್ತರಲ್ಲಿ ತನ್ನ ಯಂತ್ರಕ್ಕೆ ಹೊಂದುವುದು ಯಾವುದು ಎಂದು ಆರಿಸಲು ಮತ್ತೆ ಟೈಮ್ ಕೊಡುವ ಆ ಮೂರು ಸಾಲೇ ಬೇಕು. ಜ್ವರ ಎಷ್ಟಿದೆ ಎಂದು ಹೇಳದೆ ಔಷಧಿ ಕೇಳಿದರೆ ಎಂಥ ವೈದ್ಯರೂ ಊಹೆಯ ಮೇಲೆ ಬರೆದುಕೊಡಬೇಕಾಗುತ್ತದೆ.

ಈ ಅವಳಿ ನಗರದಲ್ಲಿ ಎಂಜಿನಿಯರಿಂಗ್ ಕಲಿಸುವುದು ನಿನ್ನೆ ಮೊನ್ನೆಯ ಕೆಲಸವಲ್ಲ. ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಬಿವಿಬಿ ಕಾಲೇಜು 1947ರದ್ದು, ಧಾರವಾಡದ ಎಸ್‌ಡಿಎಂ 1979ರದ್ದು, ಐಐಐಟಿ 2015ರಲ್ಲಿ, ಐಐಟಿ 2016ರಲ್ಲಿ ಬಂದವು. ರಾಜ್ಯಕ್ಕೆ ಕಂಪೈಲರ್ ವಿದ್ಯೆಯೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲೇ ಹೊರಗೆ ಬಂದಿತ್ತು. ಆದರೆ ಕಂಪೈಲರ್ ಕೋರ್ಸಿನ ಲ್ಯಾಬ್ ಎಂದರೆ ಸಾಮಾನ್ಯವಾಗಿ 1975ರಷ್ಟು ಹಳೆಯ ಲೆಕ್ಸ್ ಮತ್ತು ಯಾಕ್ ಎಂಬ ಉಪಕರಣಗಳನ್ನು ಬಳಸಿ ಐವತ್ತು ನೂರು ಸಾಲಿನ ಪ್ರೋಗ್ರಾಮ್ ಬರೆಯುವುದು. ಅವು ಬೇಕು, ಕಂಪೈಲರಿನ ಒಳಗು ತಿಳಿಯುವುದು ಅವುಗಳಿಂದಲೇ. ಆದರೆ ಅವು ರೆಪ್ಪೆ ಬಡಿಯುವಷ್ಟರಲ್ಲಿ ಕಂಪೈಲ್ ಆಗಿಬಿಡುತ್ತವೆ, ಕಾಯುವ ಪ್ರಸಂಗವೇ ಬರುವುದಿಲ್ಲ. ನಾಲ್ಕು ವರ್ಷ ಓದಿದವರು ನಿಧಾನದ ಬಿಲ್ಡ್ ಅನ್ನು ಮೊದಲ ಸಲ ಎದುರಿಸುವುದು ಕೆಲಸಕ್ಕೆ ಸೇರಿದ ಮೇಲೆ, ಕೇಳಲು ಸಂಕೋಚವಾಗುವ ಜಾಗದಲ್ಲಿ.

ಸಿಲೆಬಸ್ ತುಂಬಿದೆ, ಲ್ಯಾಬಿಗೆ ಸಿಗುವುದೇ ಎರಡು ಮೂರು ತಾಸು ಎಂದು ಪ್ರಾಧ್ಯಾಪಕರು ಹೇಳಿದರೆ ಅದು ನೆಪವಲ್ಲ, ನಿಜ. ನಾನು ಕೇಳುತ್ತಿರುವುದು ಒಂದೇ ಪ್ರಯೋಗ. ಜಿಸಿಸಿ ಅಥವಾ ಎಲ್‌ಎಲ್‌ವಿಎಂ ಅನ್ನು ಯಾವ ಆಯ್ಕೆಯನ್ನೂ ಬದಲಿಸದೆ ಕಟ್ಟುವ ಕೆಲಸವನ್ನು ಸಂಜೆ ಲ್ಯಾಬ್ ಮುಚ್ಚುವಾಗ ಶುರು ಮಾಡಿ ಹೋಗಲಿ. ರಾತ್ರಿ ಕರೆಂಟು ಹೋಗಿದ್ದರೆ ಮತ್ತೆ ಮೇಕ್ ಕೊಡಲಿ, ಬಿಟ್ಟಲ್ಲಿಂದ ಮುಂದುವರಿಯಿತೋ ಮೊದಲಿನಿಂದ ಶುರುವಾಯಿತೋ ಎಂದು ಗಮನಿಸಲಿ. ಮರುದಿನದ ಲ್ಯಾಬಿನಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಪುಟ ಬರೆಯಲಿ: ಟೈಮ್ ಕೊಟ್ಟ ಮೂರು ಸಾಲು, ಎಷ್ಟು ಕೋರ್‌ಗಳು ದುಡಿದವು ಎಂಬ ಭಾಗಾಕಾರ, ಸ್ವಾಪ್ ಆಯಿತೋ ಇಲ್ಲವೋ, ತನ್ನ ಯಂತ್ರದ ಇಕ್ಕಟ್ಟು ಎಲ್ಲಿದೆ ಎಂದು ತನಗನ್ನಿಸುತ್ತದೆ, ಏಕೆ. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿ ಮತ್ತೆ ಓಡಿಸಿ, ಹೊಸ ಮೂರು ಸಾಲುಗಳನ್ನು ಹಳೆಯವುಗಳ ಕೆಳಗೆ ಬರೆಯಲಿ. ಎರಡನೆಯ ಸಲದ ರಿಯಲ್ ಮೊದಲಿನದಕ್ಕಿಂತ ಹೆಚ್ಚಾಗಿ ಬಂದಿದ್ದರೆ ಅದನ್ನೂ ಹಾಗೇ ಬರೆಯಲಿ. ಅಂಥ ಪುಟಕ್ಕೂ ಪೂರ್ತಿ ಅಂಕ ಕೊಡಬೇಕು.